ನೀಲಿ ಯಾವ ಕಡೆ

ಬುದ್ಧ ಪೂರ್ಣಿಮೆಗೆ ಇನ್ನು ಹತ್ತು ದಿನ ಇತ್ತು. ಕಲಬುರಗಿಯ ಗಾಜಿಪುರದ ನನ್ನ ಹೊಲಿಗೆ ಅಂಗಡಿಯಲ್ಲಿ ಮದುವೆ ಮನೆಯವರ ಕುಪ್ಪಸಗಳು ರಾಶಿ ಬಿದ್ದಿದ್ದವು. ಬಿಸಿಲಿಗೆ ಶಟರ್ ಅರ್ಧ ಇಳಿಸಿ ನಾನೂ ನಾದಿನಿಯೂ ಹುಕ್ಕು ಹಚ್ಚುತ್ತ ಕೂತಿದ್ದಾಗ ಒಬ್ಬರು ಬಗ್ಗಿ ಒಳಗೆ ಬಂದರು. ಕಮಲಾಪುರದವರು, ಅಲ್ಲಿಯ ಶಾಲೆಯೊಂದರಲ್ಲಿ ಗುಮಾಸ್ತರು, ತಮ್ಮ ಓಣಿಯ ಬುದ್ಧ ವಿಹಾರದ ಸಮಿತಿಗೆ ಕಾರ್ಯದರ್ಶಿ. ನನ್ನ ಬಳಿ ಕುಪ್ಪಸ ಹೊಲಿಸುವ ಶಿಕ್ಷಕಿಯೊಬ್ಬರು ಅವರಿಗೆ ನನ್ನ ಅಂಗಡಿಯ ದಾರಿ ಹೇಳಿದ್ದರಂತೆ.

ಅವರು ಪ್ಲಾಸ್ಟಿಕ್ ಚೀಲದಿಂದ ಮಡಚಿದ ಬಟ್ಟೆಯೊಂದನ್ನು ತೆಗೆದು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ವಿಹಾರದ ಪಂಚಶೀಲ ಧ್ವಜ ಅದು. ಕಾರ್ಯದರ್ಶಿ ಹೊಟ್ಟೆಯಲ್ಲಿದ್ದಾಗ ಅವರ ತಾಯಿ ಕೈಯಿಂದ ಹೊಲಿದದ್ದು. ವರ್ಷಕ್ಕೆ ಮೂರು ನಾಲ್ಕು ದಿನ ಮಾತ್ರ ಏರಿಸಿ, ಮತ್ತೆ ಮಡಚಿ ಟ್ರಂಕಿನಲ್ಲಿಟ್ಟು ಇಷ್ಟು ಕಾಲ ಬಾಳಿಸಿದ್ದರು. ಈಗ ಹಿಂಜಿಹೋಗಿತ್ತು. ಅಂಗಡಿಯಲ್ಲಿ ಸಿಗುವ ಅಚ್ಚಿನ ಬಾವುಟ ಎರಡು ದಿನದ ಗಾಳಿಗೆ ಚಿಂದಿಯಾಗುತ್ತದೆ, ನೂಲಿನ ಬಟ್ಟೆಯಲ್ಲಿ ಪಟ್ಟಿ ಪಟ್ಟಿ ಜೋಡಿಸಿ ಹೊಲಿದದ್ದೇ ಬೇಕು ಎಂದರು.

“ಇದು ಹ್ಯಾಂಗದ ಹಂಗೇ ಮಾಡ್ರಿ ಅಕ್ಕಾರ. ಏನೂ ಬದಲ ಮಾಡಬ್ಯಾಡ್ರಿ,” ಅಂದರು. ಹೋಗುವಾಗ ಶಟರಿನ ಕೆಳಗೆ ಬಗ್ಗಿ ಅದೇ ಮಾತನ್ನು ಇನ್ನೊಮ್ಮೆ ಹೇಳಿದರು.

ಒಂದು ದಿನದ ಕೆಲಸ ಅಂದುಕೊಂಡೆ. ಬಾವುಟಕ್ಕೆ ಕಂಕುಳಿಲ್ಲ, ಕೊರಳಿಲ್ಲ, ಎಲ್ಲ ನೇರ ಹೊಲಿಗೆ. ಸಂಜೆ ಅದನ್ನು ನೆಲದ ಮೇಲೆ ಹಾಸಿದಾಗ ತಲೆ ಕೆಟ್ಟಿತು. ಒಂಬತ್ತು ಅಡಿ ಉದ್ದ, ಆರು ಅಡಿ ಎತ್ತರ. ಒಂದೂವರೆ ಅಡಿ ಅಗಲದ ಆರು ಪಟ್ಟಿ ನಿಂತಿವೆ. ಆರನೆಯದರಲ್ಲಿ ಮಾತ್ರ ಐದು ಬಣ್ಣದ ತುಂಡುಗಳು ಒಂದರ ಕೆಳಗೊಂದು. ಆದರೆ ಬಣ್ಣಗಳೇ ಇರಲಿಲ್ಲ. ನೀಲಿ ಒಂದು ನೀಲಿಯಾಗಿ ಉಳಿದಿತ್ತು. ಅದರ ಪಕ್ಕದ್ದು ಹುಲ್ಲಿನ ಬಣ್ಣ, ಆಮೇಲೆ ಸೋತ ಗುಲಾಬಿಯಂಥದ್ದು, ಆಮೇಲೆ ಬಿಳಿ, ಕೊನೆಗೆ ಮತ್ತೆ ಹುಲ್ಲಿನ ಬಣ್ಣ. ಎರಡು ಹುಲ್ಲಿನ ಬಣ್ಣಗಳಲ್ಲಿ ಯಾವುದು ಹಳದಿ, ಯಾವುದು ಇನ್ನೇನು?

ಬಿಸಿಲು ಬಟ್ಟೆಯ ಮೈಯನ್ನು ತಿನ್ನುತ್ತದೆ, ಹೊಲಿಗೆಯ ಮಡಿಕೆಯೊಳಗೆ ಹೋಗುವುದಿಲ್ಲ. ಬ್ಲೇಡು ತಗೊಂಡು ಪ್ರತಿ ಜೋಡಣೆಯಲ್ಲಿ ಎರಡು ಬೆರಳಿನಷ್ಟು ಹೊಲಿಗೆ ಬಿಚ್ಚಿದೆ. ಒಳಗಿನ ಅಂಚುಗಳು ನಿನ್ನೆ ಕತ್ತರಿಸಿದಂತೆ ಇದ್ದವು. ನೀಲಿ, ಹಳದಿ, ಕೆಂಪು, ಬಿಳಿ; ಕೊನೆಯದು ಮುತ್ತಲ ಹೂವಿನ ಬಣ್ಣ, ಮನೆಯಲ್ಲೇ ಕುದಿಸಿ ಅದ್ದಿದ್ದು ಅಂತ ನೋಡಿದರೆ ಗೊತ್ತಾಗುತ್ತಿತ್ತು. ಕೈಹೊಲಿಗೆ ಇರುವೆ ಸಾಲಿನಷ್ಟು ಸಣ್ಣದು. ಬಿಳಿ ದಾರ ಮುಗಿದಲ್ಲಿ ಕೆಂಪು ದಾರ ಹಾಕಿದ್ದಳು ಆ ತಾಯಿ. ಬಿಚ್ಚಿದ್ದನ್ನು ಅದೇ ತೂತುಗಳಲ್ಲಿ ಮತ್ತೆ ಹೊಲಿಯುವ ಹೊತ್ತಿಗೆ ನನ್ನ ಕಣ್ಣು ನೀರಾಡಿತು.

ಬಣ್ಣದ ಗೊಂದಲ ಅಲ್ಲಿಗೆ ಮುಗಿಯಬೇಕಿತ್ತು. ಮರುದಿನ ಇನ್ನೊಂದು ಶುರುವಾಯಿತು. ಅಳತೆ ಬರೆದುಕೊಳ್ಳುವಾಗ ಹಗ್ಗ ಪೋಣಿಸುವ ಮಡಿಕೆ, ಅಂದರೆ ಲಂಗದ ಲಾಡಿ ಹೋಗುವಂಥ ಉದ್ದ ಮಡಿಕೆ, ಆರನೆಯ ಪಟ್ಟಿಯ ಕಡೆಗಿರುವುದು ಕಂಡಿತು. ಅಂದರೆ ಧ್ವಜ ಏರಿಸಿದಾಗ ಐದು ಬಣ್ಣ ಸೇರಿದ ಪಟ್ಟಿ ಕಂಬಕ್ಕೆ ಹತ್ತಿ ಇರುತ್ತದೆ, ನೀಲಿ ಗಾಳಿಯ ತುದಿಗೆ ಹೋಗುತ್ತದೆ. ನಾದಿನಿ ಫೋನಿನಲ್ಲಿ ಚಿತ್ರ ತೆಗೆದು ತೋರಿಸಿದಳು. ಕಂಬಕ್ಕೆ ಏರಿಸಿದ ಬಾವುಟಗಳಲ್ಲೆಲ್ಲ ನೀಲಿ ಕಂಬದ ಕಡೆಗೇ ಇತ್ತು. ಆದರೆ ರಸ್ತೆಗೆ ಅಡ್ಡ ಹಗ್ಗ ಕಟ್ಟಿ ತೂಗುಬಿಟ್ಟ ಬಾವುಟಗಳಲ್ಲಿ ನೀಲಿ ಒಂದು ಚಿತ್ರದಲ್ಲಿ ಎಡಕ್ಕಿದ್ದರೆ ಇನ್ನೊಂದರಲ್ಲಿ ಬಲಕ್ಕಿತ್ತು. ಬೇರೆ ದೇಶದ ಚಿತ್ರಗಳಲ್ಲಿ ಬಣ್ಣಗಳೇ ಬೇರೆ. ಬಾವುಟಕ್ಕೆ ಮುಂದು ಹಿಂದು ಅಂತ ಇರುತ್ತದೋ ಇಲ್ಲವೋ ಎಂದು ನಾದಿನಿ ಕೇಳಿದಳು.

ಕಾರ್ಯದರ್ಶಿಗೆ ಫೋನು ಮಾಡಿದೆ. ನೀಲಿ ಕಂಬದ ಕಡೆ ಬರಬೇಕೋ ಆಚೆ ಕಡೆಯೋ ಎಂದು ಕೇಳಿದೆ. ಹಳೆಯದು ಹೇಗಿದೆ ಎಂದು ನನ್ನನ್ನೇ ಕೇಳಿದರು. ನೀಲಿ ಆಚೆ ಕಡೆ ಇದೆ, ಫೋನಿನಲ್ಲಿ ಈಚೆ ಕಡೆ ಇದೆ ಅಂದೆ. “ಫೋನ್ ನೋಡಬ್ಯಾಡ್ರಿ ಅಕ್ಕಾರ,” ಎಂದು ಇಟ್ಟುಬಿಟ್ಟರು. ಒರಟಾಗಿ ಅನ್ನಲಿಲ್ಲ, ಬೇಡಿಕೊಂಡಂತೆ ಅಂದರು. ಅದು ನನ್ನನ್ನು ಇನ್ನಷ್ಟು ಗೊಂದಲಕ್ಕೆ ಹಾಕಿತು.

ಬಟ್ಟೆ ತರಲು ಬ್ರಹ್ಮಪುರದ ಕಡೆಯ ಅಂಗಡಿಗೆ ಹೋದೆ. ಮುತ್ತಲ ಹೂವಿನ ಬಣ್ಣವನ್ನು ಮಾತಿನಲ್ಲಿ ಹೇಳುವುದು ಹೇಗೆ? ನಾರಂಗಿ ಅಂದೆ. ಅಂಗಡಿಯ ಸಾಹೇಬರು, “ಕೌನ್ಸಾ ನಾರಂಗಿ ಆಪಾ, ನನ್ನ ಬಲ್ಲಿ ನಾಕು ಥರ ಅದ,” ಎಂದು ನಾಲ್ಕು ಥಾನು ಬಟ್ಟೆ ಬಿಚ್ಚಿ ಹಾಕಿದರು. ಒಂದು ಮೆರವಣಿಗೆಯ ಕೇಸರಿ, ಒಂದು ಇಟ್ಟಿಗೆ ಬಣ್ಣ, ಒಂದು ಹಣ್ಣಿನ ಬಣ್ಣ, ಇನ್ನೊಂದು ಯಾವುದೂ ಅಲ್ಲ. ಅಲ್ಲಿಂದಲೇ ಕಾರ್ಯದರ್ಶಿಗೆ ಮತ್ತೆ ಫೋನು ಮಾಡಿದರೆ, ಭಂತೇಜಿ ಉಡುವ ಚೀವರದ ಬಣ್ಣ ತಗೊಳ್ಳಿರಿ ಅಂದರು. ಭಂತೇಜಿ ಅಂದರೆ ಬೌದ್ಧ ಭಿಕ್ಷುಗಳು ಎಂದು ಗೊತ್ತಿತ್ತು; ಚೀವರವನ್ನು ಹತ್ತಿರದಿಂದ ಕಂಡವಳಲ್ಲ. ನಾಲ್ಕು ಥಾನಿನಿಂದಲೂ ಅಂಗೈಯಗಲ ತುಂಡು ಕೇಳಿ ತಗೊಂಡು, ಊರ ಹೊರಗಿನ ದೊಡ್ಡ ವಿಹಾರಕ್ಕೆ ಆಟೋ ಹಿಡಿದೆ. ಅಲ್ಲಿ ಹಿತ್ತಿಲಲ್ಲಿ ಒಗೆದ ಚೀವರಗಳನ್ನು ಹಗ್ಗದ ಮೇಲೆ ಹರವಿದ್ದರು. ಮೂರು ಚೀವರ, ಮೂರು ಬಣ್ಣ. ಒಬ್ಬ ಭಿಕ್ಷು ಬಕೆಟ್ ಹಿಡಿದು ನಿಂತಿದ್ದರು. ಇದರಲ್ಲಿ ಸರಿಯಾದ ಬಣ್ಣ ಯಾವುದು ಎಂದು ಕೇಳಿದೆ. ಅವರು ಹಗ್ಗದ ಕಡೆ ನೋಡಿ ನಕ್ಕರು. ಮೂರೂ ಉಡುತ್ತೇವೆ ಎಂದರು.

ಕೊನೆಗೆ ಇಟ್ಟಿಗೆ ಬಣ್ಣದ್ದೂ ಅಲ್ಲದ, ಕೇಸರಿಯೂ ಅಲ್ಲದ ಆ ಯಾವುದೂ ಅಲ್ಲದ್ದನ್ನೇ ತಂದೆ. ಮಡಿಕೆಯೊಳಗಿನ ಮುತ್ತಲ ಬಣ್ಣಕ್ಕೆ ಅದೇ ಹತ್ತಿರ ಇತ್ತು. ಹೊಲಿಯುವ ಮೊದಲು ಐದೂ ಬಟ್ಟೆಯನ್ನು ಬೇರೆ ಬೇರೆ ಬಕೆಟ್ಟಿನಲ್ಲಿ ನೆನೆಹಾಕಿದೆ. ಕೆಂಪು ಬಣ್ಣ ಬಿಟ್ಟಿತು. ಉಪ್ಪು ಹಾಕಿ ಎರಡನೇ ಸಲ, ಮೂರನೇ ಸಲ ನೆನೆಸಿದರೂ ನೀರು ಬೀಟ್‌ರೂಟ್ ಬೇಯಿಸಿದಂತೆ ಆಯಿತು. ಬಿಳಿಯ ಪಕ್ಕದಲ್ಲೇ ಬರುವ ಬಣ್ಣ. ಮೊದಲ ಮಳೆಗೇ ಬಿಳಿ ಗುಲಾಬಿಯಾಗುತ್ತದೆ. ಅದನ್ನು ತೆಗೆದಿಟ್ಟು ಬೇರೆ ಕೆಂಪು ತಂದೆ. ಅಷ್ಟರಲ್ಲಿ ಆರು ದಿನ ಹೋಗಿದ್ದವು, ಮದುವೆ ಮನೆಯವರು ದಿನಾ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು.

ಹೊಲಿಗೆಯನ್ನು ಚಪ್ಪಟೆ ಮಡಿಕೆಯಲ್ಲಿ ಹಾಕಿದೆ. ಎರಡು ಅಂಚನ್ನು ಒಂದರೊಳಗೊಂದು ಸಿಕ್ಕಿಸಿ ಮೇಲೆ ಎರಡು ಸಾಲು ಹೊಲಿದರೆ ಬಿಟ್ಟ ಅಂಚು ಎರಡೂ ಮೈಯಲ್ಲಿ ಕಾಣುವುದಿಲ್ಲ. ಆರನೆಯ ಪಟ್ಟಿಯ ಐದು ತುಂಡು ಕಷ್ಟ ಕೊಟ್ಟವು. ಆರು ಅಡಿಯನ್ನು ಐದು ಪಾಲು ಮಾಡಿದರೆ ಹದಿನಾಲ್ಕೂವರೆ ಇಂಚಿಗೆ ಎಳೆಯಷ್ಟು ಕಡಿಮೆ ಬರುತ್ತದೆ. ಆ ಎಳೆಯಷ್ಟು ಐದು ಸಲ ತಪ್ಪಿ ಒಂದು ಸಲ ಪೂರ್ತಿ ಪಟ್ಟಿ ಬಿಚ್ಚಿ ಕತ್ತರಿಸಿದೆ. ಹುಣ್ಣಿಮೆಯ ಹಿಂದಿನ ದಿನ ಬೆಳಿಗ್ಗೆ ಎಲ್ಲ ಮುಗಿಯಿತು, ಹಗ್ಗದ ಮಡಿಕೆ ಒಂದನ್ನು ಬಿಟ್ಟು. ಅದನ್ನು ಯಾವ ಕಡೆ ಹೊಲಿಯುವುದೆಂದು ತಿಳಿಯದೆ ಎರಡೂ ಕಡೆ ಕಚ್ಚಾ ಹೊಲಿಗೆ ಹಾಕಿ, ಕಮಲಾಪುರದಲ್ಲೇ ಕೇಳಿ ಮುಗಿಸುತ್ತೇನೆ ಎಂದು ದಾರದ ರೀಲು, ಕತ್ತರಿ ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದೆ.

ನನ್ನ ತವರು ಆ ದಾರಿಯಲ್ಲೇ ಸಿಗುವ ಮಹಾಗಾಂವ. ಕಮಲಾಪುರಕ್ಕೆ ಚಿಕ್ಕಂದಿನಿಂದ ಸಂತೆಗೆ ಹೋಗಿದ್ದೇನೆ. ಆ ಓಣಿಗೆ ಹೋದವಳಲ್ಲ. ಹೋಗಬಾರದು ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಯಾಕೆ ಹೋಗುವುದಿಲ್ಲ ಎಂದು ನಾನೂ ಕೇಳಿರಲಿಲ್ಲ. ಓಣಿಯ ಬಾಯಲ್ಲಿ ಹುಡುಗಿಯರು ಸಣ್ಣ ಬಾವುಟಗಳ ಸರ ಕಟ್ಟುತ್ತಿದ್ದರು. ವಿಹಾರಕ್ಕೆ ಸುಣ್ಣ ಹೊಡೆದು ಮುಗಿದಿತ್ತು. ಅಂಗಳದಲ್ಲಿ ಹೆಂಗಸರು ನಾಳೆಯ ಖೀರಿಗೆ ಅಕ್ಕಿ ಆರಿಸುತ್ತಿದ್ದರು. ಕಾರ್ಯದರ್ಶಿಯ ಸೊಸೆಯೇ ಇರಬೇಕು ಅಂದುಕೊಂಡವಳು ಅವರ ಹೆಂಡತಿ ಎಂದು ಆಮೇಲೆ ತಿಳಿಯಿತು. ಆಕೆ ಚೊಂಬು ನೀರು ತಂದು ಕೊಟ್ಟಳು. ಬಿಸಿಲಲ್ಲಿ ಬಂದವಳು ಒಂದೇ ಸಮ ಕುಡಿದುಬಿಟ್ಟೆ. ಅಂಥ ಓಣಿಯ ಮನೆಯಲ್ಲಿ ನೀರು ಕುಡಿದದ್ದು ಅದೇ ಮೊದಲು ಎಂಬುದು ನೆನಪಾಗಿದ್ದು ಸಂಜೆ ಬಸ್ಸಿನಲ್ಲಿ.

ಅವರ ಮನೆಯ ಪಡಸಾಲೆಯಲ್ಲಿ ಬುದ್ಧನದೂ ಬಾಬಾಸಾಹೇಬರದೂ ಪಟ ಇತ್ತು. ಅಡುಗೆಮನೆಯ ಗೋಡೆಯ ಮೇಲೆ ಲಕ್ಷ್ಮಿಯ ಕ್ಯಾಲೆಂಡರ್ ಇತ್ತು. ಅದೂ ನನಗೆ ಅರ್ಥವಾಗಲಿಲ್ಲ, ಕೇಳಲಿಲ್ಲ. ಧ್ವಜ ಬಿಚ್ಚಿ ತೋರಿಸಿದೆ. ಕಾರ್ಯದರ್ಶಿಗೆ ಬಹಳ ಹಿಡಿಸಿತು, ಜೋಡಣೆಗಳ ಮೇಲೆ ಬೆರಳಾಡಿಸಿದರು. ಹಗ್ಗದ ಮಡಿಕೆ ಎಲ್ಲಿ ಎಂದು ಕೇಳಿದಾಗ ನಾನು ಮತ್ತೆ ಅದೇ ಪ್ರಶ್ನೆ ಎತ್ತಿದೆ. ಅವರು ಎದ್ದು ಬಾಗಿಲು ಮುಂದೆ ಮಾಡಿ ಬಂದರು.

ನೀಲಿ ಕಂಬದ ಕಡೆಗೇ ಇರಬೇಕೆಂದು ಅವರಿಗೆ ಗೊತ್ತಿತ್ತು. ಹತ್ತಾರು ವರ್ಷದಿಂದ ಗೊತ್ತಿತ್ತು. ಓಣಿಯ ಓದಿದ ಹುಡುಗರಿಗೂ ಗೊತ್ತಿತ್ತು. ಆದರೆ ಧ್ವಜ ಹೊಲಿದವಳು ತಾಯಿ. ಅದನ್ನು ಹೊಲಿದದ್ದೇ ಅವಳ ಬದುಕಿನ ದೊಡ್ಡ ಕೆಲಸ ಎಂದು ಅವಳೂ ತಿಳಿದಿದ್ದಳು, ಓಣಿಯೂ ತಿಳಿದಿತ್ತು. ಅವಳು ಇರುವ ತನಕ ಧ್ವಜ ಅವಳು ಹೊಲಿದಂತೆಯೇ ಹಾರಲಿ ಎಂದು ಮಗ ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದರು.

“ಆಕಿ ಕಣ್ಣಿಗಿ ಈಗ ಪೊರಿ ಬಂದದ. ಬಣ್ಣ ಕಾಣ್ಸಂಗಿಲ್ಲ. ಕೇಳಿದ್ರ ಹಳೇದರಂಗೇ ಹೊಲಿದೀನಿ ಅಂತ ಹೇಳಿಬಿಡ್ರಿ, ಮುಗೀತು. ಮಡಿಕಿ ಆ ಕಡೀನೇ ಹಾಕ್ರಿ,” ಅಂದರು.

ಹೊಲಿಸುವವರು ಹೇಳಿದಂತೆ ಹೊಲಿಯುವುದು ನನ್ನ ಕೆಲಸ. ಆಗಲಿ ಅಂದೆ. ಅವರ ಹೆಂಡತಿಯ ಮಷಿನ್ ಪಡಸಾಲೆಯ ಕಿಟಕಿಯ ಬಳಿ ಇತ್ತು, ಕಾಲಿನಿಂದ ತುಳಿಯುವ ಹಳೆಯದು. ಅವರು ಕಂಬಕ್ಕೆ ಬಣ್ಣ ಬಳಿಸಲು ಹೊರಗೆ ಹೋದರು. ನಾನು ಬಾಬಿನ್‌ಗೆ ದಾರ ಸುತ್ತುತ್ತಿದ್ದಾಗ ಒಳಗಿನಿಂದ ಗೋಡೆ ಹಿಡಿದುಕೊಂಡು ಅವರ ತಾಯಿ ಬಂದಳು. ಎಂಬತ್ತರ ಹತ್ತಿರದ ವಯಸ್ಸು, ಬಿಳಿ ಸೀರೆ. ಬಂದು ನೆಲದ ಮೇಲೆ ಕೂತು, ನನ್ನ ಮಡಿಲಲ್ಲಿದ್ದ ಬಟ್ಟೆಯನ್ನು ಎಳೆದುಕೊಂಡು ಹೊಲಿಗೆ ಸವರಿ ನೋಡಿದಳು. ಯಾರ ಮಗಳು, ಯಾವ ಊರು ಎಂದು ಕೇಳಿದಳು. ಮಹಾಗಾಂವದ ಹೆಸರು ಹೇಳಿದಾಗ ಕೈ ಒಂದು ಗಳಿಗೆ ನಿಂತಿತು, ಮತ್ತೆ ಸವರತೊಡಗಿತು.

ಆಮೇಲೆ ತಾನು ಧ್ವಜ ಹೊಲಿದ ಕತೆ ಹೇಳಿದಳು. ಹೊಸ ಸೊಸೆಯಾಗಿದ್ದಾಗ ಓಣಿಯವರೆಲ್ಲ ದೀಕ್ಷಾ ದಿನದ ಸಭೆಗೆ ಲಾರಿಯಲ್ಲಿ ನಾಗಪುರಕ್ಕೆ ಹೋಗಿದ್ದರಂತೆ. ನೆಲ ಕಾಣದಷ್ಟು ಜನ. ಹೆಂಗಸರಿಗೆ ವೇದಿಕೆಯ ಹಿಂಭಾಗದಲ್ಲಿ ಜಾಗ ಸಿಕ್ಕಿತ್ತು. ತಲೆಯ ಮೇಲೆ ಅಡ್ಡ ಹಗ್ಗಕ್ಕೆ ಈ ಧ್ವಜವನ್ನು ತೂಗುಹಾಕಿದ್ದರು. ಇಡೀ ದಿನ ಅದನ್ನೇ ನೋಡುತ್ತ ಕೂತು ಬಣ್ಣಗಳನ್ನು ಎಡದಿಂದ ಬಲಕ್ಕೆ ಬಾಯಿಪಾಠ ಮಾಡಿಕೊಂಡಳು. ಊರಿಗೆ ಬಂದು ಹಾಗೆಯೇ ಹೊಲಿದಳು, ಎಡಗಡೆಗೆ ಹಗ್ಗದ ಮಡಿಕೆ ಹಾಕಿದಳು.

ಕೇಳುತ್ತ ಕೇಳುತ್ತ ನನಗೆ ಹತ್ತು ದಿನದ ಗಂಟು ಬಿಚ್ಚಿತು. ಆಕೆ ಹಿಂದೆ ಕೂತಿದ್ದಳು. ಧ್ವಜದ ಹಿಂಬದಿ ನೋಡಿದ್ದಳು. ನಿಜವಾದ ಎಡ ಆಕೆಗೆ ಬಲವಾಗಿ ಕಂಡಿತ್ತು. ಕಂಬ ಇದ್ದಿದ್ದರೆ ನೀಲಿ ಕಂಬಕ್ಕೆ ಹತ್ತಿರುವುದು ಯಾವ ಕಡೆಯಿಂದಲೂ ತಿಳಿಯುತ್ತಿತ್ತು. ಅಲ್ಲಿ ಕಂಬ ಇರಲಿಲ್ಲ, ಹಗ್ಗ ಇತ್ತು.

ನನ್ನ ಮುಖ ಆಕೆಗೆ ಕಾಣುತ್ತಿರಲಿಲ್ಲ. ಆದರೂ ಮಷಿನ್ ಯಾಕೆ ನಿಂತಿತು ಎಂದು ಕೇಳಿದಳು. ಏನಿಲ್ಲ ಆಯಿ ಅಂದೆ.

“ಏನೋ ಅದ. ನೀ ಹೊರಗಿನಾಕಿ, ನಿನಗ ನನ್ನ ಭಯ ಇಲ್ಲ. ಹೇಳು. ನಾ ಹೊಲಿದಿದ್ದು ತಪ್ಪೇನು?”

ಬಾಗಿಲಾಚೆ ಕಾರ್ಯದರ್ಶಿ ಯಾರಿಗೋ ಏಣಿ ಹಿಡಿಯಲು ಹೇಳುತ್ತಿದ್ದರು. ಸರಿ ಇದೆ ಆಯಿ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕೆಲಸ ಕೊಟ್ಟವರು ಹಾಗೆಂದೇ ಹೇಳಿದ್ದರು, ನಾನು ಒಪ್ಪಿಯೂ ಇದ್ದೆ. ಆ ಹೊಲಿಗೆಯನ್ನು ಬಿಚ್ಚಿ ಅದೇ ತೂತುಗಳಲ್ಲಿ ಸೂಜಿ ಹಾಕಿದ್ದೆನಲ್ಲ, ಅಂಥ ಹೊಲಿಗೆ ಹಾಕಿದವಳಿಗೆ ಹೊಲಿಗೆಯ ವಿಷಯದಲ್ಲಿ ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. ಬೇರೆ ಕಾರಣ ಇತ್ತೋ ಏನೋ, ಈಗಲೂ ಗೊತ್ತಿಲ್ಲ.

ಆಕೆಯ ಬಲಗೈ ಹಿಡಿದು ಬೆರಳು ಬಿಡಿಸಿದೆ. ಹೆಬ್ಬೆರಳು ನೀಲಿ, ಮುಂದಿನದು ಹಳದಿ, ಆಮೇಲೆ ಕೆಂಪು, ಬಿಳಿ, ಕಿರುಬೆರಳು ಚೀವರದ ಬಣ್ಣ ಎಂದು ಒಂದೊಂದನ್ನೇ ಮುಟ್ಟಿ ಹೇಳಿದೆ. ಅಂಗೈಯನ್ನು ಆಕೆಯ ಮುಖದ ಮುಂದೆ ಹಿಡಿದು, ಹೆಬ್ಬೆರಳು ಯಾವ ಕಡೆ ಎಂದು ಕೇಳಿದೆ. ಬಲಗಡೆ ಅಂದಳು. ಕೈಯನ್ನು ಹಾಗೇ ತಿರುಗಿಸಿ, ಹಿಂಗೈ ಆಕೆಯ ಕಡೆ ಮಾಡಿ, ಈಗ ಯಾವ ಕಡೆ ಎಂದು ಕೇಳಿದೆ. ಎಡಗಡೆ ಅಂದಳು. ತಾನೇ ಒಮ್ಮೆ ತಿರುಗಿಸಿದಳು. ಇನ್ನೊಮ್ಮೆ ತಿರುಗಿಸಿದಳು.

“ನಾವು ಹಿಂದ ಕುಂತಿದ್ವಿ,” ಅಂದಳು.

ಹೌದು ಆಯಿ ಅಂದೆ.

ಆಕೆ ಎದ್ದು ಗೋಡೆ ಹಿಡಿದುಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಕಾರ್ಯದರ್ಶಿ ಒಳಗೆ ಹೋದರು, ಮಾತು ಕೇಳಿಸಿತು, ಹೊರಗೆ ಬಂದಾಗ ಅವರ ಮುಖ ಬಿಗಿದಿತ್ತು. ನಿಮಗೆ ಒಂದೇ ಮಾತು ಹೇಳಿದ್ದೆ ಅಕ್ಕಾರ ಎಂದಷ್ಟೇ ಹೇಳಿ ಅಂಗಳಕ್ಕೆ ಹೋದರು. ನಾನು ಒಂಬತ್ತು ಅಡಿಯ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಮಷಿನ್ ಮುಂದೆ ಕೂತಿದ್ದೆ. ಈಗ ಯಾವ ಕಡೆ ಹೊಲಿಯಬೇಕು? ಕೇಳುವುದು ಯಾರನ್ನು? ಒಂದು ಸಲ ಧ್ವಜವನ್ನು ಹಾಗೇ ಬಿಟ್ಟು ಬಸ್ ಹಿಡಿಯೋಣ ಅನ್ನಿಸಿತು. ಚೀಲಕ್ಕೆ ಕತ್ತರಿಯನ್ನೂ ಹಾಕಿದೆ.

ಹೊತ್ತು ಇಳಿಯುವ ಮೊದಲು ಮುದುಕಿ ಮತ್ತೆ ಬಂದಳು. ಅತ್ತಿರಬೇಕು ಅಂದುಕೊಂಡಿದ್ದೆ, ಮುಖ ತೊಳೆದು ಬಂದಿದ್ದಳು. ಮಷಿನ್ ಪಕ್ಕ ನಿಂತು ಕೈ ಚಾಚಿದಳು.

“ನೀಲಿ ಎಲ್ಲದ? ನನ್ನ ಕೈ ಅದರ ಮ್ಯಾಲಿಡು.”

ಇಟ್ಟೆ. ಆಕೆ ನೀಲಿ ಪಟ್ಟಿಯ ಹೊರ ಅಂಚನ್ನು ಎರಡು ಬೆರಳಿನಲ್ಲಿ ಹಿಡಿದು, ಮಡಚಿ, ಮಷಿನ್ನಿನ ಸೂಜಿಯ ಕೆಳಗೆ ತಂದಿಟ್ಟಳು. ಇಲ್ಲೇ ಹೊಲಿ ಅಂದಳು. ನಾನು ತುಳಿದೆ. ಆರು ಅಡಿ ಮುಗಿಯುವ ತನಕ ಬಟ್ಟೆಯನ್ನು ಮುಂದಿನಿಂದ ಹಿಡಿದುಕೊಂಡು ನಿಂತಿದ್ದಳು. ಮುಗಿದ ಮೇಲೆ, ನಾಳೆ ನೀನೂ ಬರಬೇಕು, ಬಿಳಿ ಉಟ್ಟುಕೊಂಡು ಬಾ ಎಂದಳು.

ಮುತ್ತೈದೆಯಾದ ನನ್ನಲ್ಲಿ ಬಿಳಿ ಸೀರೆ ಎಲ್ಲಿಂದ ಬರಬೇಕು? ಬಿಳಿ ಉಡುವುದೇ ಅಪಶಕುನ ಎಂದು ನಾದಿನಿ ಮುಖ ಸಿಂಡರಿಸಿದಳು. ಬೆಳಿಗ್ಗೆ ಟ್ರಂಕೆಲ್ಲ ತೆಗೆದು ಕೆನೆ ಬಣ್ಣದ, ನೀಲಿ ಅಂಚಿನ ಸೀರೆ ಉಟ್ಟುಕೊಂಡು ಮೊದಲ ಬಸ್ಸಿಗೆ ಹೋದೆ. ಓಣಿಯ ಹೆಂಗಸರೆಲ್ಲ ಬಿಳಿ ಸೀರೆ, ಹಣೆಗೆ ಕುಂಕುಮ, ಕೈತುಂಬ ಹಸಿರು ಬಳೆ. ಅವರ ನಡುವೆ ನಾನೊಬ್ಬಳೇ ಬೇರೆಯಾಗಿ ಕಂಡೆ. ವಿಹಾರದೊಳಗೆ ಬುದ್ಧನ ಮೂರ್ತಿಯ ಮುಂದೆ ಮಲ್ಲಿಗೆ, ಕೆಂಪು ಬಾಳೆಹಣ್ಣು, ಮೇಣದ ಬತ್ತಿ ಇಟ್ಟಿದ್ದರು. ಕಾಯಿ ಒಡೆಯುವುದಿಲ್ಲವೇ ಎಂದು ಕಾರ್ಯದರ್ಶಿಯ ಹೆಂಡತಿಯನ್ನು ಕೇಳಿದೆ. ಇಲ್ಲ ಅಂದಳು. ನೈವೇದ್ಯ? ಅದೂ ಇಲ್ಲ, ಹೂವು ಬಾಡುತ್ತದೆ, ನಾವೂ ಹಾಗೇ ಎಂದು ನೆನೆಯಲಿಕ್ಕೆ ಹೂವು ಇಡುತ್ತೇವೆ ಅಂದಳು. ಬೇಡಿಕೊಳ್ಳುವುದು ಏನನ್ನು ಎಂದು ಕೇಳಬೇಕೆಂದಿದ್ದೆ, ಅಷ್ಟರಲ್ಲಿ ಭಂತೇಜಿ ಬಂದರು.

ಧ್ವಜ ಕಟ್ಟಲು ಕಾರ್ಯದರ್ಶಿ ಮುಂದೆ ಬಂದರು. ನನ್ನ ಕಡೆ ನೋಡಲಿಲ್ಲ. ಹಗ್ಗ ಪೋಣಿಸಿದ ಕಡೆ ನೀಲಿ ಇರುವುದನ್ನು ಓಣಿಯ ಹಿರಿಯರೊಬ್ಬರು ಕಂಡು, ಉಲ್ಟಾ ಆಗಿದೆಯಲ್ಲ ಎಂದರು. ಇಬ್ಬರು ಮೂವರು ಹೌದಲ್ಲ ಅಂದರು. ಕಾರ್ಯದರ್ಶಿಯ ಕೈ ಹಗ್ಗದ ಮೇಲೇ ನಿಂತಿತು. ಆಗ ಅವರ ತಾಯಿ ಸೊಸೆಯ ಭುಜ ಹಿಡಿದು ಮುಂದೆ ಬಂದಳು.

“ಉಲ್ಟಾ ಇಷ್ಟು ವರ್ಷ ಇತ್ತು. ನಾ ಹಿಂದ ಕುಂತು ನೋಡಿ ಹೊಲಿದಿದ್ದೆ. ಈಗ ಸೀದಾ ಆಗ್ಯದ. ಏರಸು.”

ಹಿರಿಯರು ತಲೆಯ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದರು. ಧ್ವಜ ಮೇಲೆ ಹೋಯಿತು. ಗಾಳಿಯೇ ಇರಲಿಲ್ಲ. ನಾನು ಹತ್ತು ದಿನ ಒದ್ದಾಡಿದ ಬಣ್ಣಗಳೆಲ್ಲ ಕಂಬಕ್ಕೆ ಒದ್ದೆ ಸೀರೆಯಂತೆ ಜೋತುಬಿದ್ದವು. ನೀಲಿ ಯಾವ ಕಡೆ ಇದೆ ಎಂದು ಯಾರಿಗೂ ಕಾಣುವಂತಿರಲಿಲ್ಲ. ಬಿಚ್ಚಿಕೊಂಡಿತೇ ಎಂದು ಮುದುಕಿ ಕೇಳಿದಳು. ಇನ್ನೂ ಇಲ್ಲ ಆಯಿ ಅಂದೆ.

ಎಲ್ಲರೂ ಕೂತರು. ಭಂತೇಜಿ ಪಾಲಿಯಲ್ಲಿ ಒಂದೊಂದು ಸಾಲು ಹೇಳಿದರು, ಓಣಿ ಹಿಂದೆ ಹೇಳಿತು. ಮೊದಲು ಮೂರು ಶರಣ, ಆಮೇಲೆ ಐದು ಶೀಲ. ಕೈ ಮುಗಿಯಬೇಕೋ ಬೇಡವೋ ತಿಳಿಯದೆ ಮಡಿಲಲ್ಲಿಟ್ಟುಕೊಂಡಿದ್ದೆ. ಪಕ್ಕದಲ್ಲಿ ಕೂತಿದ್ದ ಕಾರ್ಯದರ್ಶಿಯ ಹೆಂಡತಿ ಕಿವಿಯಲ್ಲಿ ಅರ್ಥ ಹೇಳುತ್ತಿದ್ದಳು. ಕೊಲ್ಲುವುದಿಲ್ಲ, ಕೊಡದೇ ಇದ್ದದ್ದನ್ನು ತಗೊಳ್ಳುವುದಿಲ್ಲ, ನಡತೆ ಕೆಡುವುದಿಲ್ಲ, ಸುಳ್ಳಾಡುವುದಿಲ್ಲ, ಅಮಲಿನದು ಮುಟ್ಟುವುದಿಲ್ಲ. ಇವು ದೇವರಿಗೆ ಕೊಡುವ ಮಾತೇ ಎಂದರೆ, ಅಲ್ಲ, ನಮಗೆ ನಾವು ಕೊಡುವ ಮಾತು ಅಂದಳು. ಪ್ರವಚನದ ನಡುವೆ ಬಿಸಿಗಾಳಿ ಎದ್ದು ಧ್ವಜ ಪಟಪಟ ಅಂದಿತು. ಯಾರೂ ತಲೆ ಎತ್ತಲಿಲ್ಲ. ಮುದುಕಿ ಮಾತ್ರ ಸದ್ದಿನ ಕಡೆ ಮುಖ ತಿರುಗಿಸಿ ಕೂತಳು.

ಭಿಕ್ಷುಗಳು ಮಧ್ಯಾಹ್ನ ದಾಟಿದ ಮೇಲೆ ಉಣ್ಣುವುದಿಲ್ಲವಾದ್ದರಿಂದ ಹನ್ನೊಂದಕ್ಕೇ ಭಂತೇಜಿಗೆ ಊಟ ಬಡಿಸಿದರು. ಆಮೇಲೆ ಎಲ್ಲರಿಗೂ ಖೀರು. ಸಂಜೆ ಬುದ್ಧನ ಪಟದ ಮೆರವಣಿಗೆ, ಮನೆಮನೆಗೆ ದೀಪ ಇದೆ, ನಿಲ್ಲು ಎಂದರು. ಅಂಗಡಿಯಲ್ಲಿ ಮದುವೆ ಮನೆಯವರು ಕಾಯುತ್ತಿದ್ದರು, ನಿಲ್ಲಲಾಗಲಿಲ್ಲ.

ಬಸ್ ನಿಲ್ದಾಣಕ್ಕೆ ಕಾರ್ಯದರ್ಶಿ ಬೈಕಿನಲ್ಲಿ ಬಂದರು. ಸ್ಟೀಲಿನ ಡಬ್ಬಿಯಲ್ಲಿ ಖೀರು ತಂದಿದ್ದರು, ತಾಯಿ ಕಳಿಸಿದ್ದು. ಕೊಟ್ಟು ಹೋಗದೆ ನಿಂತರು.

“ಕಣ್ಣು ಹೋಗೂಕಿಂತ ಮುಂಚೆ ಅವ್ವ ಒಮ್ಮೆ ನನಗ ಕೇಳಿದ್ಲು ಅಕ್ಕಾರ. ಕಲಬುರಗಿದಾಗ ಬ್ಯಾರೆ ಥರ ಹಾರಸ್ತಾರಲ್ಲೋ, ನಂದು ತಪ್ಪೇನೋ ಅಂತ. ನಾ ಸರಿ ಅದ ಅಂದಿದ್ದೆ. ಹುಣ್ಣಿಮಿ ಹುಣ್ಣಿಮಿಗಿ ಆಕಿ ಮಗ್ಗಲದಾಗ ಕುಂತೇ ಶೀಲ ತಗೋತೀನಿ.” ಮತ್ತೆ ಅಂದರು: “ನಿಮ್ಮ ಮ್ಯಾಲ ಸಿಟ್ಟು ಇನ್ನಾ ಹೋಗಿಲ್ಲ. ಆದ್ರ ಇವತ್ತ ಹಗರ ಅನಸ್ತು.”

ನನ್ನ ತಾಯಿಯಾಗಿದ್ದರೆ ನಾನೂ ಸರಿ ಇದೆ ಎಂದೇ ಹೇಳುತ್ತಿದ್ದೆ ಎಂದು ಅವರಿಗೆ ಹೇಳಿದೆ. ಅವರು ತಲೆಯಾಡಿಸಿದರು. ಬಸ್ ಬಂತು.

ನೇರ ಕಲಬುರಗಿಗೆ ಟಿಕೆಟ್ ತೆಗೆಸಿದ್ದವಳು ಯಾಕೋ ಮಹಾಗಾಂವದಲ್ಲಿ ಇಳಿದುಬಿಟ್ಟೆ. ಅಣ್ಣನೂ ಅತ್ತಿಗೆಯೂ ಹೊಲಕ್ಕೆ ಹೋಗಿದ್ದರು. ಅವ್ವ ಕಟ್ಟೆಯ ಮೇಲೆ ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದಳು. ಡಬ್ಬಿ ಮುಂದಿಟ್ಟೆ. ಮುಚ್ಚಳ ತೆಗೆದು ನೋಡಿ, ಖೀರು ಯಾರ ಮನೆಯದು ಎಂದು ಕೇಳಿದಳು.

ಅಂಗಡಿಗೆ ಬರುವವರು ಕೊಟ್ಟದ್ದು ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಅದು ಸುಳ್ಳೂ ಆಗಿರಲಿಲ್ಲ. ಕಮಲಾಪುರದ ಆ ಓಣಿಯದು ಎಂದೆ. ಬುದ್ಧ ಹುಣ್ಣಿಮೆಯದು ಎಂದೆ. ನಾನು ಅಲ್ಲಿ ಉಂಡೆ ಎಂದೂ ಹೇಳಿದೆ.

ಅವ್ವ ನನ್ನ ಸೀರೆಯನ್ನು ಕೆಳಗಿನಿಂದ ಮೇಲಕ್ಕೆ ನೋಡಿದಳು. ಮುಚ್ಚಳ ಹಾಕಿ, ಡಬ್ಬಿ ಎತ್ತಿಕೊಂಡು ಒಳಗೆ ಹೋದಳು. ನಾನು ಕಟ್ಟೆಯ ಮೇಲೆ ಕೂತು ಬೇಳೆಯಲ್ಲಿ ಕಲ್ಲು ಹುಡುಕಿದೆ. ಒಳಗೆ ಪಾತ್ರೆ ಸಪ್ಪಳ ಆಯಿತು, ನೀರಿನ ಸಪ್ಪಳ ಆಯಿತು. ಬಹಳ ಹೊತ್ತಿನ ಮೇಲೆ ಬಂದು ತೊಳೆದ ಡಬ್ಬಿಯನ್ನು ನನ್ನ ಕೈಗೆ ಕೊಟ್ಟಳು. ಪರರ ಡಬ್ಬಿ ಖಾಲಿ ಕಳಿಸಬಾರದೆಂದು ಅದರಲ್ಲಿ ಒಂದು ಹಿಡಿ ಬೇಳೆ ತುಂಬಿ, ಮತ್ತೆ ಮೊರ ಹಿಡಿದು ಕೂತಳು.

ಉಂಡಳೋ, ಚೆಲ್ಲಿದಳೋ. ಕೇಳಬೇಕೆಂದು ಎರಡು ಸಲ ಬಾಯಿ ತೆರೆದೆ. ಕೇಳಲಿಲ್ಲ. ಕೇಳಿದರೆ ನಮ್ಮವ್ವ ಸುಳ್ಳು ಹೇಳುವವಳಲ್ಲ.